ಒರಿಜಿನಲ್ 27 ಮತ್ತು ಅಜ್ಜಿಯ ಪಂಪ್ ಸ್ಟವ್

ಜೂನ್ ಮೊದಲ ವಾರ ಸಕಲೇಶಪುರದಿಂದ ಮಾವ ಬಂದರು. ಜೀಪಿನಿಂದ ಕಾಫಿಪುಡಿ ಇಳಿಯಿತು, ಒಂದು ಬಾಳೆಗೊನೆ ಇಳಿಯಿತು, ಕೊನೆಗೆ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯ ಏನೋ ಒಂದು ಇಳಿಯಿತು.

“ನಿಮ್ಮಜ್ಜನ ಏರ್ ಗನ್ನು ಕಣೋ. ಅಟ್ಟದ ಮೇಲೆ ಬಿದ್ದಿತ್ತು. ನೀನು ಕುರ್ಚಿ, ರೇಡಿಯೋ ಅಂತ ಏನೇನೋ ರಿಪೇರಿ ಮಾಡ್ತಿರ್ತೀಯಲ್ಲ, ಇದನ್ನೂ ನೋಡು. ಆಯುಧಪೂಜೆಗೆ ಬೇಕು.”

ಅಟ್ಟ ಅಂದರೆ ಅಡುಗೆಮನೆ ಒಲೆಯ ಮೇಲಿನ ಅಟ್ಟ. ಇಪ್ಪತ್ತು ವರ್ಷದ ಹೊಗೆ ಕುಡಿದಿತ್ತು. ಹೊಗೆಯಿಂದ ಒಂದು ಉಪಕಾರ ಆಗಿತ್ತು, ಮರಕ್ಕೆ ಹುಳ ಬಿದ್ದಿರಲಿಲ್ಲ. ಉಳಿದದ್ದೆಲ್ಲ ಮಸಿ. ಅದರ ಕೆಳಗೆ ಯಾರೋ ಬಾಗಿಲಿಗೆ ಹಚ್ಚಿ ಮಿಕ್ಕಿದ ವಾರ್ನಿಷ್ ಬಳಿದಿದ್ದರು. ಅದು ದಪ್ಪಗೆ ಇಳಿದು, ಅಲ್ಲಲ್ಲಿ ಬೆವರಿನ ಹನಿಯ ಹಾಗೆ ಹೆಪ್ಪುಗಟ್ಟಿತ್ತು.

ಕೋವಿಯ ಸಿಲಿಂಡರಿನ, ಅಂದರೆ ಸ್ಪ್ರಿಂಗು, ಪಿಸ್ಟನ್ನು ಕೂರುವ ಉಕ್ಕಿನ ಕೊಳವೆಯ ಮೇಲೆ ಸೀಮೆಎಣ್ಣೆ ಬಟ್ಟೆ ಆಡಿಸಿದಾಗ ಮೊದಲು ಕಂಡ ಅಕ್ಷರ “ಒರಿಜಿನಲ್”. ನಗು ಬಂತು. ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಯಾವ ಡಬ್ಬದ ಮೇಲೆ ಒರಿಜಿನಲ್ ಅಂತ ದೊಡ್ಡದಾಗಿ ಬರೆದಿರುತ್ತೋ ಅದು ಗ್ಯಾರಂಟಿ ಡೂಪ್ಲಿಕೇಟ್, ಅಲ್ವಾ? ಇಲ್ಲಿ ಕಥೆ ಬೇರೆ. ಜರ್ಮನಿಯ ರಾಸ್ಟಾಟ್ ಊರಲ್ಲಿ 1890ರಲ್ಲಿ ಶುರುವಾದ ಮೇಯರ್ ಉಂಡ್ ಗ್ರಾಮೆಲ್ಸ್‌ಪಾಕರ್ ಕಂಪನಿಯವರು ಡಯಾನಾ ಹೆಸರಿನ ಏರ್ ಗನ್ ಮಾಡುತ್ತಿದ್ದರು. ಅವರ ಗುರುತೇ ಚೆನ್ನಾಗಿದೆ. ಬೇಟೆಯ ದೇವತೆ ಬಿಲ್ಲನ್ನು ಬಿಸಾಕಿ ಏರ್ ಗನ್ ಎತ್ತಿ ಹಿಡಿದು ನಿಂತಿರುತ್ತಾಳೆ. ಎರಡನೇ ಮಹಾಯುದ್ಧ ಸೋತ ಮೇಲೆ ಪರಿಹಾರದ ಲೆಕ್ಕದಲ್ಲಿ ಅವರ ಯಂತ್ರಗಳೂ ಹೋದವು, ಡಯಾನಾ ಅನ್ನೋ ಹೆಸರೂ ಹೋಯಿತು. ಎರಡೂ ಸ್ಕಾಟ್ಲೆಂಡಿನ ಮಿಲ್ಬ್ರೋ ಕಂಪನಿಯ ಪಾಲಾದವು. 1950ರಲ್ಲಿ ಜರ್ಮನ್ನರು ಮತ್ತೆ ತಯಾರಿಕೆ ಶುರು ಮಾಡಿದರು. ಆದರೆ ಬ್ರಿಟನ್ನಿನಲ್ಲಿ ತಮ್ಮದೇ ಹೆಸರಲ್ಲಿ ಮಾರುವ ಹಾಗಿರಲಿಲ್ಲ. ಅದಕ್ಕೇ ಅಲ್ಲಿಗೆ “ಒರಿಜಿನಲ್” ಅಂತ ಹೆಸರಿಟ್ಟು ಕಳಿಸಿದರು. ಹೆಸರು ಕಳೆದುಕೊಂಡವನು ತನ್ನನ್ನು ಅಸಲಿ ಅಂತ ಕರೆದುಕೊಂಡ ಹಾಗೆ. ನಮ್ಮ ಕೈಲಿದ್ದದ್ದು ಆ ಪೈಕಿ ಮಾಡೆಲ್ 27. ಹಿಂಭಾಗದಲ್ಲಿ ಸಣ್ಣದಾಗಿ 05 64 ಅಂತ ಗುದ್ದಿತ್ತು. 1964ರ ಮೇ ತಿಂಗಳು. ಯಾವುದೋ ಎಸ್ಟೇಟಿನ ಬಿಳಿ ದೊರೆ ಊರಿಗೆ ವಾಪಸ್ ಹೋಗುವಾಗ ಅಜ್ಜನಿಗೆ ಕೊಟ್ಟು ಹೋದದ್ದಂತೆ.

ಲೈಸೆನ್ಸ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಪಾಯಿಂಟ್ 177, ಅಂದರೆ 4.5 ಮಿಲಿಮೀಟರ್ ಬೋರಿನ (ನಳಿಗೆಯ ಒಳ ಅಳತೆ) ಏರ್ ಗನ್ನು 20 ಜೌಲ್ ಶಕ್ತಿಯ ಒಳಗಿದ್ದರೆ ಲೈಸೆನ್ಸ್ ಬೇಡ. ಇದು 4.5. ಜೌಲಿನ ಲೆಕ್ಕ ಆಮೇಲೆ ಹೇಳುತ್ತೇನೆ.

ಹೊರಡುವ ಮುಂಚೆ ಮಾವ ಒಂದು ಪ್ರದರ್ಶನ ಕೊಟ್ಟರು. ಅಮ್ಮನ ಕೊಬ್ಬರಿ ಎಣ್ಣೆ ಬಾಟಲಿ ತರಿಸಿದರು. ನಳಿಗೆ ಮುರಿದು, ಅಂದರೆ ಕೀಲಿನಲ್ಲಿ ಕೆಳಕ್ಕೆ ಮಡಚಿ, ಅದರ ಹಿಂದೆ ಗಾಳಿ ಬರುವ ತೂತಿಗೆ ಎರಡು ಹನಿ ಬಿಟ್ಟರು. ಪೆಲೆಟ್, ಅಂದರೆ ಏರ್ ಗನ್ನಿನ ಪುಟ್ಟ ಗುಂಡು, ಹಾಕಿ, ಹಿತ್ತಲ ಗೋಡೆಗೆ ಒರಗಿಸಿದ ಮರಳು ಮೂಟೆಗೆ ಒಂದು ಹೊಡೆದರು. ಢಮಾರ್! ನಳಿಗೆ ತುದಿಯಲ್ಲಿ ಹೊಗೆ. ಮನೆಯೆಲ್ಲ ಸುಟ್ಟ ಕೊಬ್ಬರಿ ವಾಸನೆ. “ಏನೋ ಅದು, ಕುಕ್ಕರ್ ಸಿಡೀತಾ?” ಅಂತ ಅಮ್ಮ ಒಳಗಿನಿಂದ ಓಡಿ ಬಂದರು.

“ನೋಡಿದ್ಯಾ ಪವರ್ರು! ಎಣ್ಣೆ ಬಿಟ್ರೆ ಹೀಗೆ. ಇಲ್ದಿದ್ರೆ ಫುಸ್ ಅಂತದೆ” ಅಂದರು ಮಾವ. ಗೇಟಿನ ಹತ್ತಿರ ಹೋದವರು ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದರು. “ಸ್ವಲ್ಪ ಎಡಕ್ಕೆ ಹೊಡೆಯುತ್ತೆ. ಮೊದಲಿಂದಲೂ ಹಾಗೇ.”

ಆ ಢಮಾರ್ ಕೋವಿಯ ಪವರ್ರಲ್ಲ. ಸ್ಪ್ರಿಂಗು ಪಿಸ್ಟನ್ನನ್ನು ಕಣ್ಣು ಮಿಟುಕಿಸುವುದರೊಳಗೆ ಮುಂದಕ್ಕೆ ತಳ್ಳುತ್ತದೆ. ಮುಂದಿದ್ದ ಗಾಳಿ ಒತ್ತಡಕ್ಕೆ ಕಾದು ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಓಡೋದು ಹೀಗೇ. ಎಂಜಿನ್ನನ್ನು ಅದಕ್ಕೆಂದೇ ಮಾಡಿರುತ್ತಾರೆ, ಕೋವಿಯನ್ನಲ್ಲ. ಪ್ರತಿ ಢಮಾರಿಗೂ ಪಿಸ್ಟನ್ನು ಹಿಂದಕ್ಕೆ ಒದೆಸಿಕೊಳ್ಳುತ್ತದೆ, ಸ್ಪ್ರಿಂಗು ಪೆಟ್ಟು ತಿನ್ನುತ್ತದೆ.

ಮಾವ ಹೋದ ಮೇಲೆ ಎಣ್ಣೆ ಬಿಡದೆ ಒಂದು ಹೊಡೆದು ನೋಡಿದೆ. ಫುಸ್. ಪೆಲೆಟ್ಟು ಮೂಟೆಗೆ ತಾಗಿ, ಅಲ್ಲೇ ಕೆಳಗೆ ಬಿತ್ತು.

ಅಜ್ಜಿಯ ಮನೆಯಲ್ಲಿ ಹಿತ್ತಾಳೆಯ ಪಂಪ್ ಸ್ಟವ್ ಇತ್ತು. ಬೇಸಿಗೆ ರಜೆಯಲ್ಲಿ ಅದಕ್ಕೆ ಗಾಳಿ ಹೊಡೆಯೋದು ನನ್ನ ಕೆಲಸ. ಕೆಲವು ಸಲ ಎಷ್ಟು ಹೊಡೆದರೂ ಪಂಪು ಹಿಡಿಯುತ್ತಿರಲಿಲ್ಲ. ಕಡ್ಡಿ ಸುಮ್ನೆ ಒಳಗೂ ಹೊರಗೂ ಓಡಾಡುತ್ತಿತ್ತು. ಅಜ್ಜಿ ಪಂಪಿನ ಕಡ್ಡಿ ಹೊರಗೆ ಎಳೆದು, ತುದಿಯ ಚರ್ಮದ ವಾಷರನ್ನು ಬೆರಳಲ್ಲಿ ಅಗಲಿಸಿ, ಒಂದು ಹನಿ ಎಣ್ಣೆ ಸವರಿ ವಾಪಸ್ ತೂರಿಸುತ್ತಿದ್ದರು. “ಒಣಗಿ ಮುದುಡಿಕೊಂಡಿದೆ, ಪಾಪ” ಅನ್ನುತ್ತಿದ್ದರು. ಆಮೇಲೆ ಮೂರೇ ಹೊಡೆತಕ್ಕೆ ಕಡ್ಡಿ ಬಿಗಿಯಾಗುತ್ತಿತ್ತು. ಆ ಕಾಲದ ಏರ್ ಗನ್ನಿನ ಹೊಟ್ಟೆಯಲ್ಲಿ ಇರೋದು ಆ ಪಂಪೇ, ಸ್ವಲ್ಪ ದೊಡ್ಡದು, ಅಷ್ಟೆ. ಅದೇ ಬಟ್ಟಲಿನ ಆಕಾರದ ಚರ್ಮದ ವಾಷರ್. ಅದು ಒಣಗಿದ್ದರಿಂದಲೇ ಮಾವ ಎಣ್ಣೆ ಬಿಡುತ್ತಿದ್ದದ್ದು. ಅಜ್ಜಿ ವಾಷರಿಗೆ ಸವರುತ್ತಿದ್ದರು, ಮಾವ ಅದರ ಮುಂದೆ ಸುರಿಯುತ್ತಿದ್ದರು. ವ್ಯತ್ಯಾಸ ಇಷ್ಟೇ.

ಬಿಚ್ಚಿದ ಭಾನುವಾರ

ಮೊದಲ ಕೆಲಸ, ನಳಿಗೆ ಮುರಿದು ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು, ಸ್ಪ್ರಿಂಗ್ ಎಳೆದು ನಿಂತಿಲ್ಲ ಅಂತಲೂ ನೋಡೋದು. ಎರಡು ಸಲ ನೋಡಿದೆ. ಮುಂದಿನ ಎರಡು ಸ್ಕ್ರೂ, ಟ್ರಿಗರ್ ಗಾರ್ಡಿನ ಸ್ಕ್ರೂಗಳು ಬಿಚ್ಚಿದರೆ ಸ್ಟಾಕ್, ಅಂದರೆ ಮರದ ಭಾಗ, ಬೇರೆಯಾಗಿ ಬರುತ್ತದೆ. ಸ್ಕ್ರೂ ತಲೆಯ ಗೀರು ಹಾಳಾಗದಿರಲಿ ಅಂತ ಸ್ಕ್ರೂಡ್ರೈವರಿನ ತುದಿಯನ್ನು ಗೀರಿಗೆ ಸರಿಯಾಗುವ ಹಾಗೆ ಉಜ್ಜಿಕೊಂಡೆ. ಹಳೇ ಕೋವಿಗಳಲ್ಲಿ ಮೊದಲು ಹಾಳಾಗೋದೇ ಆ ಗೀರು.

ಸ್ಪ್ರಿಂಗ್ ತೆಗೆಯೋದು ಆಟವಲ್ಲ. ಕೋವಿ ಎಳೆದಿಲ್ಲದಿದ್ದಾಗಲೂ ಒಳಗೆ ಸ್ಪ್ರಿಂಗು ಅದುಮಿಕೊಂಡೇ ಕೂತಿರುತ್ತದೆ. ಹಿಂದಿನ ಟ್ರಿಗರ್ ಬ್ಲಾಕನ್ನು ಹಿಡಿದಿಟ್ಟ ಪಿನ್ನು ಸುಮ್ನೆ ಬಡಿದು ತೆಗೆದರೆ ಆ ಬ್ಲಾಕು ಹೊಟ್ಟೆಗೋ ಮುಖಕ್ಕೋ ಬಂದು ಬೀಳುತ್ತದೆ. ನಮ್ಮ ಹನುಮಂತನಗರದ ಬೀದಿ ಕೊನೆಯಲ್ಲಿ ಮರಗೆಲಸದ ಆಚಾರ್ರು ಇದ್ದಾರೆ. ಅವರ ಹತ್ತಿರ ಬಾಗಿಲ ಚೌಕಟ್ಟು ಬಿಗಿಯುವ ಉದ್ದನೆಯ ಕ್ಲಾಂಪು ಎರವಲು ತಂದೆ. ಸಿಲಿಂಡರನ್ನು ಅದರಲ್ಲಿ ಕೂರಿಸಿ, ಹಿಂದಿನಿಂದ ಮರದ ತುಂಡು ಕೊಟ್ಟು ಬಿಗಿದೆ. ಪಿನ್ನಿನ ಮೇಲಿನ ಭಾರ ಇಳಿದ ಮೇಲೆ ಎರಡೂ ಪಿನ್ನು ಬೆರಳಲ್ಲೇ ಜಾರಿದವು. ಆಮೇಲೆ ಕ್ಲಾಂಪನ್ನು ಅರ್ಧರ್ಧ ಸುತ್ತು ಸಡಿಲಿಸುತ್ತ ಹೋದೆ.

ಈ ಮಾಡೆಲಿನ ಟ್ರಿಗರ್ ನೋಡಿ ನನಗೆ ನಿಜಕ್ಕೂ ಗೌರವ ಬಂತು. ಪಿಸ್ಟನ್ ಬಾಲವನ್ನು ಹಿಡಿದಿಡೋದು ಕೊಕ್ಕೆಯಲ್ಲ, ಮೂರು ಉಕ್ಕಿನ ಗೋಲಿಗಳು. ಬಾಲದ ಸುತ್ತ ಇರುವ ತಗ್ಗಿನಲ್ಲಿ ಮೂರೂ ಕಚ್ಚಿ ಕೂರುತ್ತವೆ. ಟ್ರಿಗರ್ ಒತ್ತಿದರೆ ಅವುಗಳಿಗೆ ಹೊರಕ್ಕೆ ಸರಿಯಲು ಜಾಗ ಸಿಗುತ್ತದೆ, ಪಿಸ್ಟನ್ನು ಬಿಡುಗಡೆ. ಅಷ್ಟು ಜೋರಿನ ಸ್ಪ್ರಿಂಗಿದ್ದರೂ ಟ್ರಿಗರ್ ಬೆಣ್ಣೆಯ ಹಾಗೆ. ಗೋಲಿಗಳು ಓಡಿಹೋಗುತ್ತವೆ ಅಂತ ಗೊತ್ತಿತ್ತು, ಅದಕ್ಕೇ ಅಮ್ಮನ ಹಪ್ಪಳದ ಪರಾತವನ್ನು ಕೆಳಗಿಟ್ಟಿದ್ದೆ. ಟಿಣ್, ಟಿಣ್. ಎರಡೇ ಬಿದ್ದವು. ಮೂರನೆಯದಕ್ಕೆ ಒಂದು ಗಂಟೆ ನೆಲದ ಮೇಲೆ ತೆವಳಿದೆ. ಕೊನೆಗೆ ಸಿಕ್ಕಿದ್ದು ಬ್ಲಾಕಿನ ಒಳಗೇ, ಮೇಣದಂತೆ ಗಟ್ಟಿಯಾದ ಹಳೇ ಗ್ರೀಸಿನಲ್ಲಿ ಹುದುಗಿತ್ತು.

ಪಿಸ್ಟನ್ ಹೊರಬಂತು. ವಾಷರ್ ತೆಂಗಿನ ಕರಟದ ಹಾಗೆ ಗಟ್ಟಿ, ಅಂಚು ಸುಟ್ಟು ಕಪ್ಪಾಗಿತ್ತು, ಒಂದು ಕಡೆ ಬಿರುಕು. ಅಜ್ಜಿಯ ಹಾಗೆ ಎಣ್ಣೆ ಸವರಿ ಬದುಕಿಸುವ ಹಂತ ದಾಟಿತ್ತು. ಸ್ಪ್ರಿಂಗನ್ನು ಕಿಟಕಿ ಗಾಜಿನ ಮೇಲೆ ಉರುಳಿಸಿದೆ. ಗುಂಡಗೆ ಉರುಳಲಿಲ್ಲ, ಕುಂಟಿತು. ಢಮಾರಿನ ಫಲ.

ಚರ್ಮದ ಕೆಲಸ

ವಾಷರಿಗೆ ಎಲ್ಲ ಚರ್ಮವೂ ಆಗೋದಿಲ್ಲ. ಈಗಿನ ಬ್ಯಾಗು, ಶೂಗಳಲ್ಲಿ ಜಾಸ್ತಿ ಇರೋದು ಕ್ರೋಮ್ ಹದದ ಚರ್ಮ. ಮೆತ್ತಗಿರುತ್ತದೆ, ಆದರೆ ಅಚ್ಚಿನಲ್ಲಿ ಒತ್ತಿದ ಆಕಾರ ನಿಲ್ಲೋದಿಲ್ಲ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಬೇಕು. ನಮ್ಮ ದಕ್ಷಿಣದಲ್ಲಿ ಹಿಂದೆ ಆವರಿಕೆ ತೊಗಟೆಯಲ್ಲಿ ಮಾಡುತ್ತಿದ್ದರಲ್ಲ, ಆ ಜಾತಿ. ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಒಣಗಿದರೆ ಇದ್ದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಗಾಂಧಿಬಜಾರಿನ ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರನ್ನು ಕೇಳಿದೆ. ಅವರು ಪೆಟ್ಟಿಗೆ ತಡಕಾಡಿ ಅಟ್ಟೆಗೆ ಹಾಕುವ ಮೂರು ಮಿಲಿಮೀಟರ್ ದಪ್ಪದ ತುಂಡು ತೆಗೆದರು. ಅಂಚು ಕತ್ತರಿಸಿ ತೋರಿಸಿದರು, ಒಳಗೂ ಒಂದೇ ಕಂದು ಬಣ್ಣ. “ಕ್ರೋಮ್ ಆದ್ರೆ ಒಳಗೆ ನೀಲಿ ಕಾಣ್ತದೆ ಸಾರ್” ಅಂದರು. ಏತಕ್ಕೆ ಅಂತ ಕೇಳಿದರು. ಪಂಪಿನ ವಾಷರಿಗೆ ಅಂದೆ. ಸುಳ್ಳಲ್ಲ.

ಪೀಣ್ಯದ ಒಂದು ಲೇತ್ ಶಾಪಿನಲ್ಲಿ ಅಚ್ಚು ಮಾಡಿಸಿದೆ. ಸಿಲಿಂಡರಿನ ಒಳ ಅಳತೆಯ ಒಂದು ಉಂಗುರ. ಚರ್ಮದ ಎರಡು ದಪ್ಪದಷ್ಟು ಸಣ್ಣದಾದ ಒಂದು ಗಟ್ಟಿ. ನೆನೆಸಿದ ಚರ್ಮವನ್ನು ನಡುವೆ ಇಟ್ಟು ವೈಸಿನಲ್ಲಿ ಒತ್ತಿದರೆ ಬಟ್ಟಲು ತಯಾರು. ಮೊದಲನೆಯದನ್ನು ಅವಸರದಲ್ಲಿ ಮಾರನೇ ದಿನವೇ ತೆಗೆದೆ, ಅದು ಸೊಟ್ಟ ಮೂತಿ ಮಾಡಿಕೊಂಡು ಅರಳಿಬಿಟ್ಟಿತು. ಎರಡನೆಯದನ್ನು ನಾಲ್ಕು ದಿನ ಬಿಟ್ಟೆ. ಮಳೆಗಾಲ ನೋಡಿ. ಅಂಚನ್ನು ಬ್ಲೇಡಿನಿಂದ ಸಮ ಮಾಡಿ, ನೀಟ್ಸ್‌ಫುಟ್ ಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿದೆ. ಕುದುರೆ ಜೀನಿಗೆ ಹಚ್ಚುವ ಎಣ್ಣೆ ಅದು. ಸವಾರಿ ಕಲಿಯುವ ಗೆಳೆಯನೊಬ್ಬ ಸಣ್ಣ ಸೀಸೆಯಲ್ಲಿ ಕೊಟ್ಟ. ದನದ ಕಾಲಿನ ಮೂಳೆಯಿಂದ ತೆಗೆದದ್ದು ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ, ಸೀಸೆ ಅಡುಗೆಮನೆ ಕಿಟಕಿಯಲ್ಲೇ ಇತ್ತು.

ವಾಷರ್ ಹಾಕಿದ ಪಿಸ್ಟನ್ನನ್ನು ಸ್ಪ್ರಿಂಗ್ ಇಲ್ಲದೆ ಸಿಲಿಂಡರಿಗೆ ತೂರಿಸಿ, ಮುಂದಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ತಳ್ಳಿದೆ. ಅರ್ಧ ದಾರಿಗೆ ನಿಂತಿತು. ಕೈ ಬಿಟ್ಟರೆ ಹಿಂದಕ್ಕೆ ಬಂತು. ಮತ್ತೆ ತಳ್ಳಿದೆ, ಮತ್ತೆ ಬಂತು. ಹೆಬ್ಬೆರಳು ತೆಗೆದಾಗ ಉಸ್ ಅಂತ ಉದ್ದಕ್ಕೆ ಉಸಿರು ಬಿಟ್ಟಿತು. ಐದಾರು ಸಲ ಸುಮ್ನೆ ಅದನ್ನೇ ಆಡುತ್ತ ಕೂತಿದ್ದೆ. ಅಜ್ಜಿಯ ಸ್ಟವ್ವು ಹಿಡಿದಾಗ ಕೈಗೆ ಸಿಗುತ್ತಿದ್ದ ಅದೇ ಬಿಗಿ.

ನಳಿಗೆಯ ಹಿಂಭಾಗದ ಸಣ್ಣ ಉಂಗುರದ ಸೀಲನ್ನೂ ಅದೇ ಚರ್ಮದಲ್ಲಿ ಕತ್ತರಿಸಿದೆ. ಸ್ಪ್ರಿಂಗನ್ನು ಮಾದರಿ ಕೊಟ್ಟು ಮಾಡಿಸಿದೆ. ಅದೇ ತಂತಿ ದಪ್ಪ, ಅದೇ ಸುತ್ತು. ಸ್ಪ್ರಿಂಗಿನವರು “ಇನ್ನೂ ಸ್ವಲ್ಪ ಸ್ಟ್ರಾಂಗ್ ಮಾಡ್ಕೊಡ್ಲಾ?” ಅಂದರು. ಬೇಡ ಅಂದೆ. ಈ ಕೋವಿಗೆ ಇದ್ದ ಅಳತೆಯೇ ಸರಿ. ಜಾಸ್ತಿ ಬಿಗಿ ಸ್ಪ್ರಿಂಗ್ ಹಾಕಿದರೆ ಪಿಸ್ಟನ್ನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ, ಕೋವಿ ಕುಣಿಯುತ್ತದೆ, ಗುರಿ ತಪ್ಪುತ್ತದೆ.

ಲೋಹದ ಕೆಲಸವನ್ನು ನಾನು ಜಾಸ್ತಿ ಮಾಡಲಿಲ್ಲ. ನಳಿಗೆಯ ಮೇಲಿನ ನೀಲಿಗಪ್ಪು ಬಣ್ಣ ಮುಕ್ಕಾಲು ಭಾಗ ಉಳಿದಿತ್ತು. ನಾಲ್ಕು ಸೊನ್ನೆಯ ನುಣುಪು ಸ್ಟೀಲ್ ವುಲ್ ಮತ್ತು ಎಣ್ಣೆಯಲ್ಲಿ ಮೆಲ್ಲಗೆ ಉಜ್ಜಿದಾಗ ಕೆಂಪು ತುಕ್ಕು ಹೋಯಿತು, ಬಣ್ಣ ನಿಂತಿತು. ಒಂದು ತಪ್ಪು ಮಾಡಿದೆ. ಸ್ಕ್ರೂಗಳನ್ನು ವಿನೆಗರಿನಲ್ಲಿ ನೆನೆಹಾಕಿದೆ. ತುಕ್ಕಿನ ಜೊತೆ ಬಣ್ಣವೂ ಹೋಗಿ ಬೆಳ್ಳಗೆ ಹೊಸ ಮೊಳೆಗಳ ಹಾಗಾದವು. ತಲೆಗಳನ್ನು ನುಣ್ಣಗೆ ತಿಕ್ಕಿ, ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿದೆ. ಉಕ್ಕು ಮೊದಲು ಹುಲ್ಲಿನ ಹಳದಿಯಾಗುತ್ತದೆ, ಆಮೇಲೆ ಕಂದು, ನೇರಳೆ, 300 ಡಿಗ್ರಿ ಹತ್ತಿರ ಬಂದಾಗ ನವಿಲಿನ ಕತ್ತಿನ ನೀಲಿ. ಆ ಕ್ಷಣಕ್ಕೆ ಎಣ್ಣೆಗೆ ಹಾಕಬೇಕು. ಎರಡು ಸೆಕೆಂಡ್ ತಡವಾದರೆ ಬೂದು. ನಾಲ್ಕರಲ್ಲಿ ಮೂರು ಚೆನ್ನಾಗಿ ಬಂದವು. ನಾಲ್ಕನೆಯದು ಟ್ರಿಗರ್ ಗಾರ್ಡಿನ ಹಿಂದೆ ಇದೆ, ಯಾರೂ ನೋಡಲ್ಲ.

ಮರ, ಮತ್ತು ನನ್ನ ದಡ್ಡತನ

ಸ್ಟಾಕನ್ನು ಆಚಾರ್ರ ಮುಂದೆ ಇಟ್ಟೆ. ತಿರುಗಿಸಿ, ಉಗುರಲ್ಲಿ ಕೆರೆದು ನೋಡಿದರು.

“ಯಾವ ಮರ ಸಾರ್?”

“ಬೀಚು, ಆಚಾರ್ರೇ.”

“ಬೀಟೇನಾ? ಬೀಟೆ ಇಷ್ಟು ಹಗುರ ಇರಲ್ಲ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ.”

ಬೀಟೆ ಅಲ್ಲ, ಯುರೋಪಿನ ಬೀಚ್ ಅಂತ ಬಿಡಿಸಿ ಹೇಳಿದೆ. ಮಸುಕಾದ ಮರ, ಎಳೆ ಒತ್ತೊತ್ತಾಗಿರುತ್ತದೆ, ಮೈಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ. ಅಲ್ಲಿನವರು ಅದಕ್ಕೆ ಗಾಢ ಬಣ್ಣ ಕೊಟ್ಟು ವಾಲ್‌ನಟ್ ಹಾಗೆ ಕಾಣಿಸುತ್ತಿದ್ದರು. “ಅಂದ್ರೆ ಅವರೂ ನಮ್ಮ ಹಾಗೇ, ಸಿಲ್ವರ್ ಓಕಿಗೆ ತೇಗದ ಪಾಲಿಶ್ ಹೊಡೆಯೋದು” ಅಂದು ಆಚಾರ್ರು ಖುಷಿಯಾದರು.

ಪೇಂಟ್ ರಿಮೂವರ್ ತಂದಿದ್ದೆ. ಆಚಾರ್ರು ಬೇಡ ಅಂದರು. ಒಡೆದ ಗಾಜಿನ ಚೂರು ತೆಗೆದುಕೊಂಡರು. ಅಂಚನ್ನು ಮರಕ್ಕೆ ಸ್ವಲ್ಪ ವಾಲಿಸಿ, ಎರಡೂ ಹೆಬ್ಬೆರಳಿನಿಂದ ತಮ್ಮ ಕಡೆಗೆ ಎಳೆದರು. ಹಳೇ ವಾರ್ನಿಷ್ ಸಣ್ಣ ಸಣ್ಣ ಸುರುಳಿಯಾಗಿ ಎದ್ದು ಬಂತು, ಕೆಳಗಿನ ಮರಕ್ಕೆ ಗೀರೂ ಬೀಳಲಿಲ್ಲ. ಅಂಚು ಮೊಂಡಾದರೆ ಇನ್ನೊಂದು ಚೂರು. ನಾನು ಕೈಗವಸು ಹಾಕಿಕೊಂಡು ಅದೇ ಕೆಲಸ ಮಾಡಿದರೆ ಅವರ ಅರ್ಧದಷ್ಟೂ ಬರಲಿಲ್ಲ. ಆದರೂ ಒಂದು ಸಂಜೆಗೆ ಮರ ಬೆತ್ತಲಾಯಿತು.

ಎಡಗಡೆ, ಕೆನ್ನೆ ಒರಗಿಸುವ ಜಾಗದಲ್ಲಿ ಮೂರು ಆಳವಾದ ತಗ್ಗು ಇದ್ದವು. ಒದ್ದೆ ಹತ್ತಿ ಬಟ್ಟೆ ಹಾಸಿ ಮೇಲೆ ಕಾದ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಚುಯ್ ಅಂತ ಹಬೆ ಎದ್ದಿತು. ಬಟ್ಟೆ ತೆಗೆದಾಗ ತಗ್ಗು ಅರ್ಧ ತುಂಬಿತ್ತು, ನಾಲ್ಕನೇ ಸಲಕ್ಕೆ ಬೆರಳಿಗೂ ಸಿಗದ ಹಾಗಾಯಿತು. ಪೆಟ್ಟು ಬಿದ್ದು ಒಳಗೆ ಅದುಮಿಕೊಂಡ ನಾರು ನೀರು ಕುಡಿದು ಮತ್ತೆ ಉಬ್ಬುತ್ತದೆ. ಆದರೆ ಕತ್ತರಿಸಿಹೋದ ನಾರು ಬರೋದಿಲ್ಲ. ಅದು ಗೊತ್ತಾದದ್ದು ತಳದಲ್ಲಿ ಇನ್ನೊಂದು ಗುರುತು ಕಂಡಾಗ. ವಾರ್ನಿಷಿನ ಕೆಳಗೆ ಮುಚ್ಚಿಹೋಗಿದ್ದ ಒಂದು “ರ”. ಮೊಳೆಯಿಂದ ಕೆತ್ತಿದ್ದು. ಮಾವನ ಹೆಸರಿನ ಮೊದಲ ಅಕ್ಷರ. ಫೋನ್ ಮಾಡಿ ಕೇಳಿದೆ. “ಆರನೇ ಕ್ಲಾಸಲ್ಲಿ ಕೆತ್ತಿದ್ದೆ. ಅಜ್ಜ ಬೆತ್ತ ಮುರಿಯೋ ಹಾಗೆ ಹೊಡೆದಿದ್ರು” ಅಂದರು. ಅದನ್ನು ಉಜ್ಜಿ ತೆಗೆಯಬೇಕಾದರೆ ಒಂದು ಮಿಲಿಮೀಟರ್ ಮರ ಹೋಗಬೇಕು. ಹಾಗೆ ಮಾಡಿದರೆ ಲೋಹದ ಅಂಚು ಮರಕ್ಕಿಂತ ಮೇಲೆ ಎದ್ದು ಕಾಣುತ್ತದೆ. ರಿಪೇರಿ ಮಾಡಿದ ಕೋವಿಗಳು ಕೆಟ್ಟದಾಗಿ ಕಾಣೋದೇ ಇದರಿಂದ. ಅಕ್ಷರ ಇರಲಿ ಅಂತ ಬಿಟ್ಟೆ. ಬೆತ್ತದ ಏಟು ತಿಂದಿದ್ದಕ್ಕಾದರೂ ಉಳಿಯಬೇಕಲ್ಲ.

120, 180, 240, 320 ನಂಬರಿನ ಸ್ಯಾಂಡ್ ಪೇಪರ್, ಎಳೆಯ ಉದ್ದಕ್ಕೇ. ಅಡ್ಡಕ್ಕೆ ಒಂದು ಸಲ ಉಜ್ಜಿದರೂ ಆ ಗೀರು ಎಣ್ಣೆ ಹಾಕಿದ ಮೇಲೆ ಎದ್ದು ನಗುತ್ತದೆ. ಕೊನೆಗೆ ಒದ್ದೆ ಬಟ್ಟೆ ಸವರಿ ಒಣಗಿಸಿದರೆ ಮರದ ರೋಮ ನಿಲ್ಲುತ್ತದೆ, ಅದನ್ನು ಮತ್ತೆ 320ರಲ್ಲಿ ತೆಗೆಯಬೇಕು. ಇದನ್ನು ಎರಡು ಸಲ ಮಾಡಿದೆ. ಬಣ್ಣಕ್ಕೆ ಫಿಲ್ಟರ್ ಕಾಫಿ ಡಿಕಾಕ್ಷನ್ ಪ್ರಯತ್ನಿಸಿದೆ. ಕಾಫಿ ತೋಟದ ಕೋವಿ ಅಲ್ವಾ, ಕಥೆ ಚೆನ್ನಾಗಿರುತ್ತೆ ಅಂತ. ಚೂರು ಬೀಚಿನ ಮೇಲೆ ಮೂರು ಕೈ ಹಚ್ಚಿದರೂ ಬಂದದ್ದು ತೆಳು ಮಣ್ಣಿನ ಬಣ್ಣ. ಕಥೆ ಬಿಟ್ಟು ಅಂಗಡಿಯ ವಾಲ್‌ನಟ್ ಸ್ಟೇನ್ ತಂದೆ.

ಈಗ ದಡ್ಡತನಕ್ಕೆ ಬರೋಣ. ಹಳೇ ಕೋವಿಯ ಮರಕ್ಕೆ ಅಗಸೆ ಎಣ್ಣೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಏರಿಯಾದಲ್ಲಿ ಈಗ ಬೀದಿಗೊಂದು ಗಾಣದ ಎಣ್ಣೆ ಅಂಗಡಿ. ಅಲ್ಲಿ ಹೋಗಿ ಅರ್ಧ ಲೀಟರ್ ಶುದ್ಧ ಅಗಸೆ ಎಣ್ಣೆ ತಂದು, ಸ್ಟೇನ್ ಒಣಗಿದ ಮೇಲೆ ಧಾರಾಳವಾಗಿ ಹಚ್ಚಿದೆ. ಮರ ಕುಡಿಯಲಿ, ಪಾಪ, ಅಂತ. ಎಷ್ಟು ಚೆನ್ನಾಗಿ ಕಂಡಿತು ಅಂದರೆ ಫೋಟೋ ತೆಗೆದು ಮಾವನಿಗೆ ಕಳಿಸಿದೆ.

ಒಂದು ವಾರ ಆಯಿತು. ಅಂಟು. ಎರಡು ವಾರ. ಅಂಟು. ಮೂರನೇ ವಾರಕ್ಕೆ ಸೊಳ್ಳೆಗಳು, ಧೂಳು, ನಮ್ಮ ಬೆಕ್ಕಿನ ಎರಡು ಬಿಳಿ ಕೂದಲು ಎಲ್ಲ ಅಂಟಿ ಸ್ಟಾಕು ಜಿಲೇಬಿ ಅಂಗಡಿಯ ಮೇಜಿನ ಹಾಗಾಯಿತು. ಜುಲೈ ತಿಂಗಳು, ಬೆಂಗಳೂರಲ್ಲಿ ದಿನಾ ಜಿಟಿಜಿಟಿ ಮಳೆ.

ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗೋದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ತಿನ್ನುವ ಎಣ್ಣೆಯಲ್ಲಿ ಆ ಕೆಲಸ ತುಂಬ ನಿಧಾನ, ತಂಪು ಹವೆಯಲ್ಲಿ ಇನ್ನೂ ನಿಧಾನ, ದಪ್ಪಗೆ ಹಚ್ಚಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ. ಮರಗೆಲಸಕ್ಕೆ ಬೇಕಾದದ್ದು “ಬಾಯ್ಲ್ಡ್” ಅಗಸೆ ಎಣ್ಣೆ. ಹೆಸರು ಕುದಿಸಿದ್ದು ಅಂತಿದ್ದರೂ ಅಸಲು ಗುಟ್ಟು ಅದಕ್ಕೆ ಬೆರೆಸಿದ ಲೋಹದ ಲವಣಗಳು, ಅವು ಒಣಗುವಿಕೆಗೆ ವೇಗ ಕೊಡುತ್ತವೆ. ಅದು ಸಿಗೋದು ಪೇಂಟ್ ಅಂಗಡಿಯಲ್ಲಿ, ಗಾಣದಲ್ಲಿ ಅಲ್ಲ. ಅದನ್ನು ತಿನ್ನಲೂಬಾರದು. ಆಚಾರ್ರಿಗೆ ಹೇಳಿದರೆ ಹತ್ತು ನಿಮಿಷ ನಕ್ಕರು. “ಒಗ್ಗರಣೆ ಹಾಕೋದೊಂದು ಬಾಕಿ ಇತ್ತು ಸಾರ್.”

ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲ ಒರೆಸಿ ತೆಗೆದೆ. ಎರಡು ದಿನ ಹಿಡಿಯಿತು. ಸ್ಟೇನ್ ಅಲ್ಲಲ್ಲಿ ಕಿತ್ತುಬಂತು, ಮತ್ತೆ 320, ಮತ್ತೆ ಸ್ಟೇನ್. ಆಗಸ್ಟ್ ಹದಿನೈದರ ರಜೆಗೆ ಹೊಸದಾಗಿ ಶುರು. ಈ ಸಲ ಕೆಲವೇ ಹನಿ. ಅಂಗೈಯಲ್ಲಿ ಹಾಕಿಕೊಂಡು, ಅಂಗೈ ಬಿಸಿಯಾಗುವ ತನಕ ತಿಕ್ಕಿದೆ. ಕಾಲು ಗಂಟೆ ಬಿಟ್ಟು ಒಣ ಬಟ್ಟೆಯಲ್ಲಿ ಏನೂ ಉಳಿಯದ ಹಾಗೆ ಒರೆಸಿದೆ. ಮುಂದಿನ ಕೈಗೆ ಕನಿಷ್ಠ ಒಂದು ದಿನ ಬಿಡುವು, ಮಳೆ ಇದ್ದರೆ ಎರಡು. ಬಂದೂಕು ಕೆಲಸದವರಲ್ಲಿ ಒಂದು ಹಳೇ ಲೆಕ್ಕ ಇದೆ. ಒಂದು ವಾರ ದಿನಕ್ಕೊಂದು ಕೈ, ಒಂದು ತಿಂಗಳು ವಾರಕ್ಕೊಂದು, ಒಂದು ವರ್ಷ ತಿಂಗಳಿಗೊಂದು. ನಾನು ಹತ್ತು ಕೈಗೆ ನಿಲ್ಲಿಸಿದೆ. ಮೂರನೇ ಕೈ ತನಕ ಏನೂ ಕಾಣಲಿಲ್ಲ. ಐದನೆಯದರಲ್ಲಿ ಬೀಚಿನ ಆ ಸಣ್ಣ ಚುಕ್ಕೆಗಳು ಒಳಗಿನಿಂದ ಮೇಲೆ ಬಂದವು. ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ರೇಷ್ಮೆ ಸೀರೆ ಅಂಚಿನ ಹಾಗೆ ಒಂದು ಕಡೆ ಹೊಳೆದು ಇನ್ನೊಂದು ಕಡೆ ಮಂಕಾಗುತ್ತಿತ್ತು.

ಎಣ್ಣೆ ಒರೆಸಿದ ಬಟ್ಟೆಯ ವಿಷಯ ಮಾತ್ರ ತಮಾಷೆಯಲ್ಲ. ಆ ಎಣ್ಣೆ ಒಣಗುವಾಗ ಬಿಸಿ ಬಿಡುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಬಿಸಿ ಒಳಗೇ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳಬಹುದು, ಕಡ್ಡಿ ಗೀರಬೇಕಾಗಿಲ್ಲ. ನಾನು ಒಂದೊಂದನ್ನೂ ಬಿಡಿಸಿ, ಹೊರಗೆ ತಂತಿಯ ಮೇಲೆ ಹರವಿ, ಗರಿಗರಿ ಒಣಗಿದ ಮೇಲೆ ಎಸೆದೆ. ಅಮ್ಮನ ಸೀರೆಗಳ ಪಕ್ಕ. ಅದಕ್ಕೆ ಬೈಸಿಕೊಂಡದ್ದು ಬೇರೆ.

ಜೋಡಿಸಿದ್ದು

ಜೋಡಿಸುವಾಗ ಮೂರು ಗೋಲಿಗಳು ನನ್ನ ಎರಡು ಸಂಜೆ ತಿಂದವು. ಗ್ರೀಸಿನಲ್ಲಿ ಅಂಟಿಸಿ ಕೂರಿಸಿದರೆ ಕ್ಲಾಂಪು ಬಿಗಿಯುವಾಗ ಒಂದು ಜಾರುತ್ತದೆ. ಗ್ರೀಸಿಗಿಂತ ಅಂಟಾದದ್ದು ಬೇಕಿತ್ತು. ಕೊನೆಗೆ ಫ್ರಿಜ್ಜಿನಲ್ಲಿ ಇಟ್ಟ ಗ್ರೀಸು ಕೆಲಸ ಮಾಡಿತು. ಸ್ಪ್ರಿಂಗಿಗೆ, ಪಿಸ್ಟನ್ನಿನ ಪಕ್ಕಕ್ಕೆ ತೆಳ್ಳಗೆ ಮಾಲಿಬ್ಡಿನಂ ಗ್ರೀಸ್. ವಾಷರಿನ ಮುಂದೆ ಒಂದು ಚೂರೂ ಇಲ್ಲ.

ನಳಿಗೆಯ ಕೀಲು ಸಡಿಲವಿತ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಪಕ್ಕಕ್ಕೆ ಟಕಟಕ ಅನ್ನುತ್ತಿತ್ತು. ಎಡಕ್ಕೆ ಹೊಡೆಯುವ ಗುಟ್ಟು ಇಲ್ಲಿದೆ ಅನ್ನಿಸಿತು. ಕೀಲಿನ ಬೋಲ್ಟನ್ನು ಬಿಗಿದೆ. ನಳಿಗೆ ಮುರಿದು ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು, ಬೀಳಬಾರದು, ಅದೇ ಅಳತೆ. ಆಮೇಲೆ ಬೋಲ್ಟು ತಿರುಗದ ಹಾಗೆ ಹಿಡಿಯುವ ಪಕ್ಕದ ಪುಟ್ಟ ಸ್ಕ್ರೂ ಹಾಕಿದೆ.

ಮೊದಲ ಪರೀಕ್ಷೆ ನಮ್ಮ ಮನೆ ಉದ್ದನೆಯ ಪಡಸಾಲೆಯಲ್ಲೇ. ಕೊನೆಯಲ್ಲಿ ಕಬ್ಬಿಣದ ತಗಡು, ಮುಂದೆ ಹಳೇ ಕಂಬಳಿ ತುರುಕಿದ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಎರಡೂ ಬಾಗಿಲಿಗೆ ಒಳಗಿನಿಂದ ಚಿಲಕ. ಪೆಲೆಟ್ ಇಲ್ಲದೆ ಒಂದು ಸಲವೂ ಹೊಡೆಯಬಾರದು. ಎದುರು ತಡೆ ಇಲ್ಲದಿದ್ದರೆ ಪಿಸ್ಟನ್ನು ನೇರ ಹೋಗಿ ಬಡಿಯುತ್ತದೆ. ಪೆಲೆಟ್ ಹಾಕುವಾಗ ಇನ್ನೊಂದು ಕೈಯಲ್ಲಿ ನಳಿಗೆಯನ್ನು ಬಿಗಿಯಾಗಿ ಹಿಡಿದಿರಬೇಕು, ಟ್ರಿಗರ್ ಜಾರಿದರೆ ಅದು ಮೇಲಕ್ಕೆ ಹಾರುತ್ತದೆ, ಬೆರಳು ನಡುವೆ ಇದ್ದರೆ ಮುಗಿಯಿತು. ನಳಿಗೆ ಸೇರುವ ಜಾಗದ ಮೇಲೆ ತೆಳು ಟಿಶ್ಯೂ ಚೂರು ಇಟ್ಟು ಹೊಡೆದೆ. ಅಲುಗಲಿಲ್ಲ, ಅಂದರೆ ಗಾಳಿ ಸೋರುತ್ತಿಲ್ಲ. ಸದ್ದು ಬರೀ ಒಂದು “ಟಪ್”. ಹೊಗೆ ಇಲ್ಲ, ಕೊಬ್ಬರಿ ವಾಸನೆ ಇಲ್ಲ. ಅಮ್ಮ ಒಳಗಿನಿಂದ ಬರಲೂ ಇಲ್ಲ.

ಗೆಳೆಯನ ಕ್ರೋನೋಗ್ರಾಫಿನಲ್ಲಿ, ಅಂದರೆ ಪೆಲೆಟ್ಟಿನ ವೇಗ ಅಳೆಯುವ ಯಂತ್ರದಲ್ಲಿ, ಅಳೆದಾಗ ಸೆಕೆಂಡಿಗೆ 180 ಮೀಟರ್ ಆಸುಪಾಸು ಬಂತು. ಪೆಲೆಟ್ ತೂಕ 0.52 ಗ್ರಾಂ. ಲೆಕ್ಕ ಹಾಕಿದರೆ ಸುಮಾರು 8.4 ಜೌಲ್. ಮಿತಿಯ ಅರ್ಧವೂ ಇಲ್ಲ, ಇಂಥ ಹಳೇ ಕೋವಿಗೆ ಅದು ಆರೋಗ್ಯದ ಲಕ್ಷಣ. ಆಮೇಲೆ ಹಿಂದಿನ ಸೈಟನ್ನು, ಅಂದರೆ ಗುರಿ ನೋಡುವ ಸೀಳನ್ನು, ಸರಿಮಾಡಿದೆ. ಪೆಲೆಟ್ಟು ಇನ್ನೂ ಚೂರು ಎಡಕ್ಕೇ ಬೀಳುತ್ತಿತ್ತು. ಪೆಲೆಟ್ ಯಾವ ಕಡೆ ಹೋಗಬೇಕೋ ಸೈಟನ್ನು ಆ ಕಡೆಗೇ ಸರಿಸಬೇಕು. ಎರಡು ಗಂಟೆ ಕೂತು ಬಲಕ್ಕೆ ಕೂದಲೆಳೆಯಷ್ಟು, ಬಲಕ್ಕೆ ಕೂದಲೆಳೆಯಷ್ಟು ಅಂತ ಸರಿಸಿದೆ. ಕೊನೆಗೆ ಐದು ಪೆಲೆಟ್ಟು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುವ ಹಾಗೆ ನಡುಮಧ್ಯಕ್ಕೆ ಬಿದ್ದವು. ಆ ಕಾಗದವನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ.

ಆಯುಧಪೂಜೆ ದಿನ ಸಕಲೇಶಪುರದ ಅಂಗಳದಲ್ಲಿ ಜೀಪು, ಪಲ್ಪರ್ ಮೆಷಿನ್ನು, ಮರ ಕಸಿ ಮಾಡುವ ಕತ್ತಿಗಳು, ಏಣಿ ಎಲ್ಲ ಸಾಲಾಗಿ ನಿಂತಿದ್ದವು. ಕೋವಿಯನ್ನು ಮಣೆಯ ಮೇಲೆ ಇಟ್ಟೆ. ಮಾವ ಬಟ್ಟಲಲ್ಲಿ ಗಂಧ ಕಲಸಿಕೊಂಡು ಬಂದು, ನಾನು ಹತ್ತು ಕೈ ಎಣ್ಣೆ ಹಚ್ಚಿದ ಮರದ ಮೇಲೆ ಮೂರು ಬೆರಳಲ್ಲಿ ಬರ್ ಅಂತ ಎಳೆದರು. ಮೇಲೆ ಒದ್ದೆ ಕುಂಕುಮ. ನಾನು ಉಗುಳು ನುಂಗಿಕೊಂಡೆ.

ಪೂಜೆ ಆದ ಮೇಲೆ ಗೋಡೌನಿನ ಹಿಂದಿನ ಮಣ್ಣಿನ ದಿಬ್ಬಕ್ಕೆ ಬಿಸ್ಕೆಟ್ ಡಬ್ಬದ ಮುಚ್ಚಳ ಒರಗಿಸಿದರು. ಮಾವ ಕೋವಿ ಎತ್ತಿದರು, ಉಸಿರು ಹಿಡಿದರು. ಟಪ್. ಮುಚ್ಚಳದ ಬಲಕ್ಕೆ ನಾಲ್ಕು ಬೆರಳು ದೂರದಲ್ಲಿ ಮಣ್ಣು ಹಾರಿತು. ಇನ್ನೊಂದು. ಮತ್ತೆ ಬಲಕ್ಕೆ. ಮೂರನೆಯದೂ ಅಲ್ಲೇ.

“ಏನೋ ಮಾಡಿ ಹಾಳು ಮಾಡಿದ್ದೀಯ ನೀನು. ಬಲಕ್ಕೆ ಹೊಡೀತಿದೆಯಲ್ಲೋ!”

“ಇಲ್ಲ ಮಾವ, ಈಗ ನೇರ ಹೊಡೆಯುತ್ತೆ. ನೀವು ಎಲ್ಲಿಗೆ ಗುರಿ ಇಡ್ತಾ ಇದ್ದೀರ?”

“ಮುಚ್ಚಳದ ಬಲಕ್ಕೆ. ಮತ್ತೆಲ್ಲಿಗೆ ಇಡ್ಬೇಕು? ಇದು ಎಡಕ್ಕೆ ಹೊಡೆಯೋ ಕೋವಿ.”

ಮಧ್ಯಕ್ಕೆ ಇಟ್ಟು ನೋಡಿ ಅಂದೆ. ಇಟ್ಟರು. ಆದರೆ ಟ್ರಿಗರ್ ಒತ್ತುವ ಹೊತ್ತಿಗೆ ಅವರ ಕೈ ತಾನಾಗಿ ಬಲಕ್ಕೆ ಹೋಗುತ್ತಿತ್ತು. ಐವತ್ತು ವರ್ಷದ ಅಭ್ಯಾಸ. ಆರನೇ ಪೆಲೆಟ್ಟಿಗೆ ಕೋವಿಯನ್ನು ನನ್ನ ಕೈಗೆ ಕೊಟ್ಟು, ಕಾಫಿ ಕುಡಿಯಲು ಒಳಗೆ ಹೋದರು.

ಜೀಪಿನ ಟೂಲ್ ಕಿಟ್ಟಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡು, ಹಿಂದಿನ ಸೈಟನ್ನು ಎಡಕ್ಕೆ ಸರಿಸಿದೆ. ಮಾವ ವಾಪಸ್ ಬಂದು ಹೊಡೆದರು. ಮುಚ್ಚಳ ಠಣ್ ಅಂತ ಹಾರಿತು.

“ಈಗ ಸರಿ ಮಾಡ್ದೆ ನೋಡು” ಅಂದರು.